ತಾಳ ತಪ್ಪುವ ಎದೆ ಮತ್ತು ಓಟ

ಕಳೆದ ವರ್ಷ ಇಸಿಜಿ ಕಾಗದ ನೋಡಿ ಡಾಕ್ಟರು "ಏಟ್ರಿಯಲ್ ಫಿಬ್ರಿಲೇಶನ್, ಬಂದು ಹೋಗೋ ಥರದ್ದು" ಅಂದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ. "ಇನ್ನು ಓಡಬಹುದಾ ಸಾರ್?" ಹೃದಯದ ಮೇಲಿನ ಕೋಣೆಗಳು ತಾಳ ಬಿಟ್ಟು ಅದುರೋ ಕಾಯಿಲೆ ಇದು. ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ, ಇನ್ನಷ್ಟು ಟೆಸ್ಟ್ ಬರೆದುಕೊಟ್ಟರು. ಸಿಟ್ಟೇ ಬಂತು. ಆಮೇಲೆ ನಿದ್ದೆಗೆಟ್ಟು ಓದಿದಾಗ ಗೊತ್ತಾಯ್ತು, ಈ ಪ್ರಶ್ನೆಗೆ ವೈದ್ಯರು ನೂರು ವರ್ಷದಿಂದಲೂ ತಡಕಾಡ್ತಾನೇ ಇದ್ದಾರೆ.

1899ರಲ್ಲಿ ಸ್ವೀಡನ್ನಿನ ಉಪ್ಸಾಲಾದ ಪ್ರೊಫೆಸರ್ ಹೆನ್‌ಶೆನ್, ಸ್ಕೀ ಪಂದ್ಯದವರ ಎದೆಯನ್ನು ಬೆರಳಲ್ಲಿ ತಟ್ಟಿ, ಸದ್ದಿನ ಮೇಲೇ ಹೃದಯದ ಅಳತೆ ಹಿಡಿದರು. (ನಾವು ಹಲಸಿನ ಹಣ್ಣು ತಟ್ಟಿ ನೋಡಲ್ವಾ, ಹಾಗೆ :) ) ಹೃದಯ ದೊಡ್ಡದಾಗಿದೆ, ಆದರೆ ಇದು ರೋಗವಲ್ಲ, ಹೆಚ್ಚು ದುಡಿಯಬಲ್ಲ ಹೃದಯ ಅಂದರು. ಎಲ್ಲ ವೈದ್ಯರೂ ಒಪ್ಪಲಿಲ್ಲ.

ಇಂಥ ಭಯದ ಬಿಸಿ ತಟ್ಟಿದ್ದು ಅಮೆರಿಕದ ಕ್ಲಾರೆನ್ಸ್ ಡಿಮಾರ್‌ಗೆ. ಹೊಟ್ಟೆಪಾಡಿಗೆ ಪ್ರಿಂಟಿಂಗ್ ಪ್ರೆಸ್ಸಿನ ಕೆಲಸ. 1911ರ ಬಾಸ್ಟನ್ ಮ್ಯಾರಥಾನ್‌ಗೆ ಮುಂಚೆ ಸ್ಟೆತಾಸ್ಕೋಪ್ ಇಟ್ಟವರಿಗೆ ಅವನ ಎದೆಯಲ್ಲಿ 'ಮರ್ಮರ್' ಕೇಳಿಸಿತು. ಅದು ತಾಳದ ದೋಷ ಅಲ್ಲ, ಸದ್ದಿನದು. ಓಟ ಬಿಡೋದು ಒಳ್ಳೇದು ಅಂದರು. ಆಸಾಮಿ ಆ ಸಲ ಓಡಿ ಗೆದ್ದ! ಆದರೆ 1912ರ ಒಲಿಂಪಿಕ್ಸ್ ಆದ ಮೇಲೆ ವರ್ಷಗಟ್ಟಲೆ ಹೆಚ್ಚುಕಮ್ಮಿ ಓಟದಿಂದ ದೂರವೇ ಉಳಿದ. ಬೇರೆ ಕಾರಣಗಳೂ ಇದ್ದವು ಅನ್ನಿ. 1922ರಲ್ಲಿ ವಾಪಸು ಬಂದು ಮತ್ತೆ ಗೆದ್ದ. ಬಾಸ್ಟನ್ನಿನಲ್ಲಿ ಒಟ್ಟು ಏಳು ಗೆಲುವು, ಕೊನೆಯದು 1930ರಲ್ಲಿ, 41ನೇ ವಯಸ್ಸಿಗೆ. 65ರಲ್ಲೂ ಅದೇ ರಸ್ತೆಯಲ್ಲಿ ಓಡಿದ. 1958ರಲ್ಲಿ ತೀರಿಕೊಂಡದ್ದು ಕ್ಯಾನ್ಸರಿನಿಂದ. ಶವಪರೀಕ್ಷೆಯಲ್ಲಿ ನೋಡಿದರೆ, ಹೃದಯಕ್ಕೆ ರಕ್ತ ಒಯ್ಯುವ ನಾಳಗಳು ಸಾಮಾನ್ಯರಿಗಿಂತ ಎರಡು ಮೂರು ಪಟ್ಟು ಅಗಲ!

ಇದನ್ನ ಓದಿ ಶೂ ಹಾಕ್ಕೊಂಡು ಹೊರಟೇಬಿಡೋಣ ಅನ್ನಿಸ್ತು. ಆದರೆ ಡಿಮಾರ್‌ನ ಕಥೆ ನನ್ನ ಕಾಯಿಲೆಯದಲ್ಲ.

ನನ್ನ ಕಾಯಿಲೆಯ ಲೆಕ್ಕ ಸಿಕ್ಕಿದ್ದು ಮತ್ತೆ ಅದೇ ಉಪ್ಸಾಲಾದಲ್ಲಿ, 2013ರಲ್ಲಿ. 90 ಕಿಲೋಮೀಟರಿನ ವಾಸಾಲೊಪೆಟ್ ಸ್ಕೀ ಪಂದ್ಯ ಮುಗಿಸಿದ 52,755 ಜನರನ್ನು ವರ್ಷಾನುಗಟ್ಟಲೆ ಗಮನಿಸಿದ್ದರು. ಐದು ಅಥವಾ ಹೆಚ್ಚು ಸಲ ಮುಗಿಸಿದವರಲ್ಲಿ ತಾಳ ತಪ್ಪುವ ಸಾಧ್ಯತೆ, ಒಂದೇ ಸಲ ಮುಗಿಸಿದವರಿಗಿಂತ ಸುಮಾರು 30% ಹೆಚ್ಚು. ವರ್ಷಗಟ್ಟಲೆ ಹೆಚ್ಚು ರಕ್ತ ತುಂಬಿ ಮೇಲಿನ ಕೋಣೆಗಳು ಹಿಗ್ಗೋದು ಒಂದು ಕಾರಣ ಅಂತಾರೆ. ಅಂದ್ರೆ ಹೆನ್‌ಶೆನ್ ಮೆಚ್ಚಿದ ಆ ದೊಡ್ಡ ಹೃದಯಕ್ಕೂ ಒಂದು ಬೆಲೆ ಇತ್ತು. ಆದರೆ 2019ರ ಇನ್ನೊಂದು ಸ್ವೀಡಿಶ್ ಅಧ್ಯಯನ ನೋಡಿ: ಇದೇ ಕಾಯಿಲೆ ಬಂದ ಸ್ಕೀಯರ್‌ಗಳಿಗೆ, ಕಾಯಿಲೆ ಇರೋ ಉಳಿದವರಿಗಿಂತ ಸ್ಟ್ರೋಕ್ ಕಡಿಮೆ. ಡಾಕ್ಟರು ಯಾಕೆ ಹಾಗೂ ಹೀಗೂ ಹೇಳದೆ ಸುಮ್ಮನಾದರು ಅಂತ ಆಗ ಅರ್ಥವಾಯ್ತು.

ಎಕೋ, ಹೋಲ್ಟರ್ ಎಲ್ಲ ಮುಗಿಸಿ ಕೊನೆಗೆ ಹತ್ತು ಕಿಲೋಮೀಟರಿಗೆ ಒಪ್ಪಿದ್ದಾರೆ. ನಿಧಾನಕ್ಕೆ ಮಾತ್ರ, ಪಂದ್ಯ ಬೇಡ. ಈಗ ಭಾನುವಾರ ಲಾಲ್‌ಬಾಗಿನಲ್ಲಿ ವಾಕಿಂಗ್ ಅಜ್ಜಂದಿರೂ ನನ್ನ ಹಿಂದೆ ಹಾಕ್ತಾರೆ. ಅಮ್ಮ ಮಾತ್ರ ನಾನು ಬರೋವರೆಗೂ ಗೇಟಿನ ಹತ್ತಿರವೇ ನಿಂತಿರ್ತಾಳೆ.