ಚಿನ್ನದ ನಡುವೆ ಒಂದು ಹಿಡಿ ಹೂವು

ಸತ್ತವರಿಗೆ ಹೂವಿಟ್ಟು ಬೀಳ್ಕೊಡುವ ಪದ್ಧತಿ ಎಷ್ಟು ಹಳೆಯದೆಂದು ಹೇಳುವುದು ಕಷ್ಟ. ಹೂವು ಬಾಡಿ ಮಣ್ಣಾಗುತ್ತದೆ. ಗುರುತು ಉಳಿಯುವುದು ಅಪರೂಪ. ಆದರೆ ಒಣಹವೆಯ ಈಜಿಪ್ಟಿನ ಗೋರಿಗಳಲ್ಲಿ ಮೂರು ಸಾವಿರ ವರ್ಷಗಳಿಗೂ ಹಿಂದೆ ಕಟ್ಟಿದ ಮಾಲೆಗಳು ಸಿಕ್ಕಿವೆ. ಅವುಗಳಲ್ಲಿ ಹೆಸರುವಾಸಿಯಾದವು ಟುಟಾಂಖಾಮುನ್ ದೊರೆಯ ಗೋರಿಯವು.

ಕ್ರಿ.ಪೂ. 14ನೇ ಶತಮಾನದಲ್ಲಿ ಆಳಿದ ಈ ಅರಸ ತೀರಿಕೊಂಡಾಗ ಅವನಿಗೆ 20 ವರ್ಷ ತುಂಬಿರಲಿಲ್ಲ. 1922ರಲ್ಲಿ ಹೋವರ್ಡ್ ಕಾರ್ಟರ್ ಅವನ ಗೋರಿಯನ್ನು ಪತ್ತೆಹಚ್ಚಿದರು. 1924ರ ಫೆಬ್ರುವರಿಯಲ್ಲಿ ಕಲ್ಲಿನ ಪೆಟ್ಟಿಗೆಯ ಮುಚ್ಚಳವನ್ನು ಎತ್ತಿಸಿದಾಗ ಚಿನ್ನದ ತಗಡು ಹೊದಿಸಿದ ಶವಪೆಟ್ಟಿಗೆ ಕಾಣಿಸಿತು. ಅದರ ಹಣೆಯ ಮೇಲಿನ ರಾಜಲಾಂಛನಗಳಾದ ರಣಹದ್ದು ಮತ್ತು ಸರ್ಪಗಳ ಸುತ್ತ ಪುಟ್ಟದೊಂದು ಮಾಲೆಯಿತ್ತು. ಅಷ್ಟೊಂದು ಚಿನ್ನದ ನಡುವೆ ಕಾರ್ಟರ್ ಅವರ ಮನಸ್ಸನ್ನು ಕಲಕಿದ್ದು ಆ ಬಾಡಿದ ಹೂವು. ಎಳೆಯ ವಯಸ್ಸಿನ ವಿಧವೆ ರಾಣಿಯ ಕೊನೆಯ ಕಾಣಿಕೆ ಅದಾಗಿರಬೇಕೆಂದು ಅವರು ಊಹಿಸಿದರು. ಊಹೆಗೆ ಪುರಾವೆಯಿಲ್ಲ. ಆದರೆ ಹೂವುಗಳು ತಾವೇ ಬೇರೊಂದು ಕಥೆ ಹೇಳಿದವು.

ಒಳಗಿನ ಪೆಟ್ಟಿಗೆಗಳ ಮೇಲೂ ಮಾಲೆಗಳಿದ್ದವು. ಆಲಿವ್ ಎಲೆ, ಕಾಡು ಸೆಲರಿ, ನೀಲಿ ನೈದಿಲೆಯ ಎಸಳು, ಕಾರ್ನ್‌ಫ್ಲವರ್ ಎಂಬ ನೀಲಿ ಹೂವು. ತೋಟ, ಕೊಳ, ಕಾಲುವೆ ಬದಿಯಲ್ಲಿ ಸಿಗುವಂಥವೇ ಎಲ್ಲ. ಎಲೆಗಳನ್ನು ಪಪೈರಸ್ ಜೊಂಡಿನ ಪಟ್ಟಿಗೆ ಸೇರಿಸಿ ಕಟ್ಟಲಾಗಿತ್ತು. ಒಂದು ಎಲೆಯ ಹಸಿರು ಮುಖ, ಮುಂದಿನದರ ಬೆಳ್ಳಿಬಣ್ಣದ ಬೆನ್ನು ಹೀಗೆ ಸರದಿಯಾಗಿ ಜೋಡಿಸಿದ್ದರು. ಬೆಳಿಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುಚ್ಚಿಕೊಂಡು, ಮರುದಿನ ಮತ್ತೆ ಅರಳುವ ನೈದಿಲೆ ಈಜಿಪ್ಟಿನವರಿಗೆ ಪುನರ್ಜನ್ಮದ ಸಂಕೇತವಾಗಿತ್ತು.

ಸಸ್ಯಗಳನ್ನು ಪರೀಕ್ಷಿಸಿದ ಪರ್ಸಿ ನ್ಯೂಬೆರಿ ಇನ್ನೊಂದು ಸಂಗತಿಯನ್ನು ಗಮನಿಸಿದರು. ಕಾರ್ನ್‌ಫ್ಲವರ್ ಅರಳುವ ಕಾಲ ಮತ್ತು ಮ್ಯಾಂಡ್ರೇಕ್ ಹಣ್ಣು ಮಾಗುವ ಕಾಲವನ್ನು ಕೂಡಿಸಿ ನೋಡಿದರೆ, ದೊರೆಯ ಶವಸಂಸ್ಕಾರ ಮಾರ್ಚ್ ಮಧ್ಯಭಾಗದಿಂದ ಏಪ್ರಿಲ್ ಕೊನೆಯೊಳಗೆ ನಡೆದಿರಬೇಕು. ಶವವನ್ನು ಸಿದ್ಧಗೊಳಿಸಲು ವಾಡಿಕೆಯಂತೆ 70 ದಿನ ಹಿಡಿದಿದ್ದರೆ, ಸಾವು ಚಳಿಗಾಲದಲ್ಲಿ ಸಂಭವಿಸಿರಬೇಕು. ಚಿನ್ನದ ಮುಖವಾಡ ಹೇಳದ ತಿಂಗಳನ್ನು ಹೂವು ಹೇಳಿತು.

ಇದಕ್ಕೂ ಮೊದಲೇ, 1907ರ ಕೊನೆಯಲ್ಲಿ, ಅದೇ ಕಣಿವೆಯ ಒಂದು ಗುಂಡಿಯಲ್ಲಿ ಅಮೆರಿಕದ ಥಿಯೊಡೋರ್ ಡೇವಿಸ್ ಅವರಿಗೆ ಕೆಲವು ದೊಡ್ಡ ಜಾಡಿಗಳು ಸಿಕ್ಕಿದ್ದವು. ಒಳಗಿದ್ದ ಹೂವಿನ ಕಂಠಹಾರಗಳು ಅವರಿಗೆ ಅಷ್ಟೇನೂ ಮುಖ್ಯವೆನಿಸಲಿಲ್ಲ. ಎಷ್ಟು ಗಟ್ಟಿಯೆಂದು ಅತಿಥಿಗಳಿಗೆ ತೋರಿಸಲು ಕೆಲವನ್ನು ಹರಿದೂ ನೋಡಿದರಂತೆ! ಉಳಿದವು 1909ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಸೇರಿದವು. ಪಪೈರಸ್ ಹಾಳೆಗೆ ಎಲೆ, ಹೂವು, ನೀಲಿ ಮಣಿ, ನಮ್ಮ ಗಣಿಕೆ ಸೊಪ್ಪಿನ ಕುಟುಂಬಕ್ಕೆ ಸೇರಿದ ಸಸ್ಯವೊಂದರ ಹಣ್ಣುಗಳನ್ನು ಹೊಲಿದು ಮಾಡಿದ ಹಾರಗಳಿವು. ದೊರೆಯನ್ನು ಬೀಳ್ಕೊಟ್ಟ ದಿನದ ಊಟದಲ್ಲಿ ಅತಿಥಿಗಳು ಇವನ್ನು ಧರಿಸಿದ್ದರೆಂದು 1941ರಲ್ಲಿ ಹರ್ಬರ್ಟ್ ವಿನ್ಲಾಕ್ ವಾದಿಸಿದರು.

ಶವಪೆಟ್ಟಿಗೆಯ ವೈಭವ ದೊರೆಯ ಪದವಿಗೆ ಸಂದದ್ದು. ಆ ವಾರ ಅರಳಿದ್ದನ್ನು ಕಿತ್ತು, ಎಲೆಯ ಮೇಲೆ ಎಲೆಯಿಟ್ಟು ಕಟ್ಟಿದ ಮಾಲೆ, ತೀರಿಹೋದ ಹುಡುಗನಿಗೆ ಸಂದದ್ದು.