ನೆನಪಿಗೂ ಬಾಡಿಗೆ

ಹುಟ್ಟುಹಬ್ಬದ ಹಾಡಿಗೂ ಒಬ್ಬ ಒಡೆಯನಿದ್ದಾನೆ ಎಂದರೆ ನಮ್ಮ ಕಡೆ ನಕ್ಕುಬಿಡುತ್ತಾರೆ. ಅಮೆರಿಕದಲ್ಲಿ ಅದು ನಗುವ ಮಾತಾಗಿರಲಿಲ್ಲ. ಅಲ್ಲಿನ ಕಪ್ಪು ಜನರ ಹಕ್ಕಿನ ಹೋರಾಟವನ್ನು ಕುರಿತು ಹೆನ್ರಿ ಹ್ಯಾಂಪ್ಟನ್ ತಯಾರಿಸಿದ ಸಾಕ್ಷ್ಯಚಿತ್ರ ಮಾಲೆ 'ಐಸ್ ಆನ್ ದಿ ಪ್ರೈಸ್'. ಸಾರ್ವಜನಿಕ ಟಿ.ವಿ. ಜಾಲವಾದ ಪಿಬಿಎಸ್ 1987ರಲ್ಲಿ ಅದನ್ನು ತೋರಿಸಿತು. ಆದರೆ ಅದರಲ್ಲಿದ್ದ ಹಳೆಯ ಸುದ್ದಿಚಿತ್ರ, ಫೋಟೊ, ಹಾಡುಗಳಲ್ಲಿ ಅನೇಕವನ್ನು ಕೆಲವೇ ವರ್ಷಗಳ ಮಟ್ಟಿಗೆ ಹಣ ತೆತ್ತು ಪಡೆದದ್ದು. 1990ರ ದಶಕದ ನಡುವೆ ಆ ಅವಧಿ ಮುಗಿದು ಪ್ರಸಾರ ನಿಂತಿತು. ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಸಂಗಡಿಗರು ಹುಟ್ಟುಹಬ್ಬದ ಹಾಡು ಹೇಳುವ ದೃಶ್ಯಕ್ಕೂ ಹಕ್ಕಿನ ತೊಡಕು! ದಾನಿಗಳಿಂದ ಹಣ ಹೊಂದಿಸಿ ಮತ್ತೆ ಟಿ.ವಿ.ಯಲ್ಲಿ ತೋರಿಸುವ ಹೊತ್ತಿಗೆ 2006 ಬಂದಿತ್ತು. ಅಷ್ಟರಲ್ಲಿ ಹ್ಯಾಂಪ್ಟನ್ ತೀರಿಕೊಂಡು ಎಂಟು ವರ್ಷ.

ಈ ಗಂಟನ್ನು ಬಿಡಿಸಲು ಕೂತವರು ವಾಷಿಂಗ್ಟನ್ನಿನ ಅಮೆರಿಕನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಪೆಟ್ರೀಷಿಯಾ ಆಫ್ಡರ್‌ಹೈಡ್. ಕಾನೂನು ಪ್ರಾಧ್ಯಾಪಕ ಪೀಟರ್ ಜಾಸಿಯವರೊಡನೆ ಸೇರಿ, ಚಿತ್ರ ತಯಾರಕರ ಕಷ್ಟಗಳನ್ನು ಕೇಳಿ, 2004ರಲ್ಲಿ ವರದಿ ಬರೆದರು. ಅನುಮತಿಯಿಲ್ಲದೆಯೂ ನ್ಯಾಯವಾದಷ್ಟನ್ನು ಬಳಸಲು ಕಾನೂನಿನಲ್ಲೇ ಅವಕಾಶವಿತ್ತು. ಆದರೆ ಮೊಕದ್ದಮೆಯ ಹೆದರಿಕೆಯಿಂದ ಬಹಳ ಮಂದಿ ಅದರ ತಂಟೆಗೆ ಹೋಗುತ್ತಿರಲಿಲ್ಲ. 2005ರಲ್ಲಿ ತಯಾರಕರ ಸಂಘಗಳೇ ಕೂಡಿ, ಎಲ್ಲಿ, ಎಷ್ಟು ಬಳಸಿದರೆ ನ್ಯಾಯ ಎಂಬುದನ್ನು ಬರೆದಿಟ್ಟವು. ಎರಡೇ ವರ್ಷಗಳಲ್ಲಿ ವಿಮಾ ಕಂಪನಿಗಳೂ ಅದಕ್ಕೆ ತಲೆಬಾಗಿದವು. ಹುಟ್ಟುಹಬ್ಬದ ಹಾಡಿನ ಮೇಲೆ ಕಂಪನಿ ಸಾಧಿಸುತ್ತಿದ್ದ ಹಕ್ಕು ಸಿಂಧುವಲ್ಲವೆಂದು 2015ರಲ್ಲಿ ನ್ಯಾಯಾಲಯವೂ ಹೇಳಿತು.

ದುಡಿದ ಕಲಾವಿದರಿಗೆ ಕೂಲಿ ಸಲ್ಲಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಜನಾಂಗ ಪೆಟ್ಟು ತಿಂದು ಬರೆದ ಚರಿತ್ರೆಯನ್ನು ಅದರ ಮಕ್ಕಳೇ ನೋಡಲಾಗದಂತೆ ಬೀಗ ಹಾಕುವುದು ಯಾವ ನ್ಯಾಯ? ಪಾಠ ಹೇಳುವ ನನಗೆ ಆ ಪ್ರಾಧ್ಯಾಪಕಿಯ ಕೆಲಸದಲ್ಲಿ ಮೆಚ್ಚುಗೆಯಾದದ್ದು ಇಷ್ಟೇ: ಅವರು ಹೊಸ ಕಾನೂನು ಬೇಡಲಿಲ್ಲ, ಇದ್ದ ಹಕ್ಕನ್ನು ಹೆದರದೆ ಬಳಸುವುದನ್ನು ಕಲಿಸಿದರು.