ಪುಲಕೇಶಿ-ಹರ್ಷ ಸಂಘರ್ಷ: ಆಕರಗಳ ಮೌಲ್ಯನಿರ್ಣಯ

ಆಕರವೊಂದು ಕೈಗೆ ಬಂದೊಡನೆ ಅದು ನಿಜವೋ ಸುಳ್ಳೋ ಎಂದು ಕೇಳುವುದು ಇತಿಹಾಸದ ವಿದ್ಯಾರ್ಥಿಗೆ ಸಹಜ. ಆದರೆ ಆ ಆಕರ ಯಾವ ಪ್ರಶ್ನೆಗೆ ಉತ್ತರ ನೀಡಬಲ್ಲದು ಎಂಬುದೇ ಮೊದಲು ವಿಚಾರಿಸಬೇಕಾದ ಸಂಗತಿ. ಬಾದಾಮಿ ಚಾಲುಕ್ಯರ ಇಮ್ಮಡಿ ಪುಲಕೇಶಿಗೂ ಕನೂಜಿನ ಹರ್ಷವರ್ಧನನಿಗೂ ನಡೆದ ಯುದ್ಧ ಇದಕ್ಕೆ ತಕ್ಕ ನಿದರ್ಶನವಾಗಿದೆ.

ಐಹೊಳೆಯ ಮೇಗುತಿ ಜಿನಾಲಯದಲ್ಲಿರುವ ಶಕ 556ರ (ಕ್ರಿ.ಶ. 634) ಸಂಸ್ಕೃತ ಶಾಸನವನ್ನು ರಚಿಸಿದ ರವಿಕೀರ್ತಿಯು ಪುಲಕೇಶಿಯ ಆಶ್ರಿತ. ಯುದ್ಧದಲ್ಲಿ ಹರ್ಷನು ತನ್ನ ಹೆಸರಿನ ಹರ್ಷವನ್ನೇ ಕಳೆದುಕೊಂಡನೆಂದು ಆತ ಶ್ಲೇಷೆಯಿಂದ ಬಣ್ಣಿಸಿದ್ದಾನೆ. ಪ್ರಶಸ್ತಿಕಾವ್ಯದ ಈ ಮಾತನ್ನು ರಣರಂಗದ ವರದಿಯೆಂದು ಓದಲಾಗದು. ವಿಚಿತ್ರವೆಂದರೆ, ಅದೇ ಕವಿ ತನ್ನ ಕೀರ್ತಿಯನ್ನು ಕಾಳಿದಾಸ, ಭಾರವಿಯರ ಕೀರ್ತಿಗೆ ಹೋಲಿಸಿಕೊಂಡ ಆತ್ಮಪ್ರಶಂಸೆ ಇತಿಹಾಸಕಾರನಿಗೆ ಹೆಚ್ಚು ಭದ್ರವಾದ ಆಧಾರ. ಆ ಇಬ್ಬರೂ 634ಕ್ಕೆ ಮೊದಲೇ ಪ್ರಸಿದ್ಧರಾಗಿದ್ದರೆಂಬುದು ಇದರಿಂದ ನಿರ್ವಿವಾದವಾಗುತ್ತದೆ. ಕವಿಯ ಉದ್ದೇಶ ಮಾತ್ರ ಅದಾಗಿರಲಿಲ್ಲ.

ಚೀನೀ ಯಾತ್ರಿಕ ಹ್ಯುಯೆನ್ ತ್ಸಾಂಗನ ಸಾಕ್ಷ್ಯದ ಬಗೆ ಬೇರೆ. ಹರ್ಷನಿಂದ ಆದರ, ಸತ್ಕಾರಗಳನ್ನು ಪಡೆದವನು ಆತ. ಆದರೂ ಮಹಾರಾಷ್ಟ್ರವೆಂದು ತಾನು ಕರೆದ ಪುಲಕೇಶಿಯ ನಾಡಿನ ಜನ ಹರ್ಷನಿಗೆ ಮಣಿಯಲಿಲ್ಲವೆಂದು ಬರೆದಿದ್ದಾನೆ. ತನ್ನ ಪೋಷಕನಿಗೆ ಹಿತವಲ್ಲದ ಮಾತನ್ನು ಹೇಳಿದ ಸಾಕ್ಷಿಗೆ ಹೆಚ್ಚಿನ ತೂಕವಿರುವುದು ನ್ಯಾಯವೇ.

ಬಾಣಭಟ್ಟನ ಹರ್ಷಚರಿತದಲ್ಲಿ ಈ ಯುದ್ಧದ ಸುಳಿವಿಲ್ಲ. ಕಥನವು ಹರ್ಷನು ತಂಗಿ ರಾಜ್ಯಶ್ರೀಯನ್ನು ಮರಳಿ ಪಡೆಯುವ ಹಂತದಲ್ಲೇ ನಿಲ್ಲುವುದರಿಂದ ಆ ಮೌನಕ್ಕೆ ಅರ್ಥ ಕಲ್ಪಿಸುವಂತಿಲ್ಲ.

ಯುದ್ಧದ ಕಾಲನಿರ್ಣಯದಲ್ಲಿ ಮೌನವೇ ವಿದ್ವಾಂಸರನ್ನು ಹೆಚ್ಚು ಕಾಡಿದೆ. ಕ್ರಿ.ಶ. 612ರ ಹೈದರಾಬಾದ್ ತಾಮ್ರಪಟವು ಪುಲಕೇಶಿ ಶತ್ರುವನ್ನು ಗೆದ್ದು 'ಪರಮೇಶ್ವರ'ನಾದನೆನ್ನುತ್ತದೆ, ಹರ್ಷನನ್ನು ಹೆಸರಿಸುವುದಿಲ್ಲ. ಆತನ ಉತ್ತರಾಧಿಕಾರಿಗಳ ಶಾಸನಗಳು ಆ ಬಿರುದು ಹರ್ಷನನ್ನು ಸೋಲಿಸಿದ್ದರಿಂದ ಬಂದಿತೆನ್ನುತ್ತವೆ. ಎರಡನ್ನೂ ಜೋಡಿಸಿದ ಕೆಲವರು ಯುದ್ಧವನ್ನು 612ಕ್ಕಿಂತ ಹಿಂದಕ್ಕೊಯ್ದರು. ಕ್ರಿ.ಶ. 630ರ ಲೋಹನೇರ ತಾಮ್ರಪಟ ಹರ್ಷನ ಸೋಲನ್ನು ಹೇಳದಿರುವುದನ್ನು ನೆಚ್ಚಿ ಮತ್ತೆ ಕೆಲವರು ಅದನ್ನು 630-634ರ ನಡುವೆ ಇರಿಸಿದರು. ಈಚೆಗೆ ಪ್ರಕಟವಾದ ಕ್ರಿ.ಶ. 619ರ ಬಿಜಾಪುರ-ಮುಂಬಯಿ ತಾಮ್ರಪಟದಲ್ಲಿ ಹರ್ಷನ ಸೋಲಿನ ಉಲ್ಲೇಖವಿದೆ. ಲೋಹನೇರ ತಾಮ್ರಪಟದ ಮೌನವನ್ನು ಆಧರಿಸಿ ಕಟ್ಟಿದ ವಾದ ಅಲ್ಲಿಗೆ ಕುಸಿಯಿತು.